ನಾಲ್ಕು ದಿನ ಕಾಕಡಾ ಮುಡಿದೆ

ನನ್ನ ಮಗಳ ತಲೆಯಲ್ಲಿ ಗುಳ್ಳೆ ಏಳುವುದಕ್ಕೆ ನಾನೇ ಕಾರಣ ಎಂದು ನಮ್ಮ ಮನೆಯ ಹಿರಿಯರು ತೀರ್ಮಾನ ಮಾಡಿದ್ದು ಒಂದು ದೀಪಾವಳಿಯ ಹೊಸ್ತಿಲಲ್ಲಿ. ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಚಹಾ ಮಾಡಿಕೊಟ್ಟವಳೂ ನಾನೇ.

ಆಗ ಮಗಳಿಗೆ ಎಂಟು ವರ್ಷ, ಮೂರನೇ ಇಯತ್ತೆ. ನನ್ನ ಗಂಡ ತೀರಿಹೋಗಿ ಐದು ವರ್ಷವಾಗಿತ್ತು. ಹಿರೇಬೆಂಡಿಗೇರಿಯಿಂದ ಸ್ವಲ್ಪ ಆಚೆಗಿನ ಊರು ನಮ್ಮದು. ಭಾವನವರ, ಅಂದರೆ ಗಂಡನ ಅಣ್ಣನ, ಮನೆಗೆ ಹತ್ತಿದ ಎರಡು ಖೋಲಿಯಲ್ಲಿ ನಾವು ತಾಯಿ ಮಗಳು ಇದ್ದೆವು. ಭಾವನವರದು ಬೋರಿನ ನೀರಿನ ಮೇಲೆ ಅರ್ಧ ಎಕರೆ ಕಾಕಡಾ ತೋಟ. ಕಾಕಡಾ ಎಂದರೆ ಮಲ್ಲಿಗೆಯ ಬಳಗದ ಹೂವು. ವಾಸನೆ ಕಡಿಮೆ, ಬಾಳಿಕೆ ಹೆಚ್ಚು. ಅವರೂ ಅವರ ಹೆಂಡತಿಯೂ ನಸುಕಿನಲ್ಲಿ ಬಿಡಿಸಿ ತಂದ ಮೊಗ್ಗನ್ನು ನಾನು ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಿದ್ದೆ. ಅದು ಬೆಳಗಿನ ಬಸ್ಸಿಗೆ ಶಿಗ್ಗಾವಿಗೂ ಸವಣೂರಿಗೂ ಹೋಗುತ್ತಿತ್ತು.

ಮಾಲೆ ಕಟ್ಟುವುದರಲ್ಲಿ ಸುತ್ತಲಿನ ಊರುಗಳಲ್ಲಿ ನನ್ನ ಸರಿಸಮ ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮದುವೆಯ ದಂಡೆಗೆ, ಬಸುರಿಯ ಕುಬಸದ ಮೊಗ್ಗಿನ ಜಡೆಗೆ ನನ್ನ ಕೈಯೇ ಬೇಕು. ಕಟ್ಟುವುದಕ್ಕೆ ಗಂಡ ಸತ್ತವಳ ಕೈ ನಡೆಯುತ್ತದೆ, ಮುಡಿಯುವುದಕ್ಕೆ ಅವಳ ತಲೆ ನಡೆಯುವುದಿಲ್ಲ. ಐದು ವರ್ಷ ಇದನ್ನು ನುಂಗಿಕೊಂಡೇ ಇದ್ದೆ. ನನಗೆ ಸಲ್ಲದ ಹೂವನ್ನೆಲ್ಲ ಮಗಳ ಜಡೆಗೆ ಹೇರುತ್ತಿದ್ದೆ. ಓಣಿಯ ಬೇರೆ ಹುಡುಗಿಯರ ತಲೆಯಲ್ಲಿ ಒಂದು ಗೇಣು ಹೂವಿದ್ದರೆ ನನ್ನ ಮಗಳ ತಲೆಯಲ್ಲಿ ಒಂದು ಮೊಳ. ನನ್ನ ಹಟವೆಲ್ಲ ಆ ಪುಟ್ಟ ತಲೆಯ ಮೇಲೆ ಕುಳಿತಿತ್ತು.

ಗುಳ್ಳೆ ಶುರುವಾದದ್ದು ಶ್ರಾವಣ ಮುಗಿಯುವ ಹೊತ್ತಿಗೆ. ಜಡೆಯ ಬುಡದಲ್ಲಿ, ಕಿವಿಯ ಹಿಂದೆ, ಹಿಂದಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆಗಳು. ಮಗು ಪಾಟಿ ಬಿಟ್ಟು ತಲೆ ಕೆರೆಯುವುದೇ ಕೆಲಸ ಮಾಡಿಕೊಂಡಿತು. ಶಾಲೆಯಿಂದ ಹೇನು ಎಂದು ಹೇಳಿಕಳಿಸಿದರು. ಬಿಳಿ ಧೋತರ ಹಾಸಿ, ಸಣ್ಣ ಹಣಿಗೆಯಿಂದ ಬಾಚಿ ಬಾಚಿ ನೋಡಿದೆ. ಒಂದು ಹೇನೂ ಉದುರಲಿಲ್ಲ. ಉದುರಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು; ಕುಕ್ಕಲು ಏನಾದರೂ ಸಿಕ್ಕಂತಾಗುತ್ತಿತ್ತು.

ಬೇವಿನೆಲೆ ಅರೆದು ಹಚ್ಚಿದೆ. ಸಾಬೂನು ಬದಲಿಸಿದೆ. ಬೋರಿನ ನೀರು ಬಿಟ್ಟು ಬಾವಿಯ ನೀರು ಹೊತ್ತು ತಂದೆ. ಯಾರೋ ಹೇಳಿದರೆಂದು ಹಾನಗಲ್ಲಿನ ಕಡೆಯಿಂದ ಮಂತ್ರಿಸಿದ ಬೂದಿ ತರಿಸಿದೆ. ಕೊನೆಗೆ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು. ಕೂದಲು ಸರಿಸಿ ನೋಡಿದರು, ಬ್ಯಾಟರಿ ಹಿಡಿದು ನೋಡಿದರು.

"ಹೇನಲ್ಲ, ಗಜಕರ್ಣ ಅಲ್ಲ," ಎಂದರು. "ಸುತ್ತಮುತ್ತಲಿಂದು ಏನೋ ಆಗಿಬರವಲ್ದು. ಯಾವುದು ಅಂತ ನನಗೂ ಹೇಳಾಕ ಆಗವಲ್ದ್ರೀ ಅಕ್ಕಾರ. ಮನ್ಯಾಗ ನೀವ ಹುಡುಕಬೇಕು."

ಗೊತ್ತಿಲ್ಲ ಎಂದು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಬಂತು. ಮುಲಾಮು ಕೊಟ್ಟರು. ಹಚ್ಚಿದಾಗ ತಂಪಾಗುತ್ತಿತ್ತು, ಬಿಟ್ಟಾಗ ಮತ್ತೆ ಅದೇ ಪಾಡು.

ದಸರೆಯ ಸೂಟಿ ಬಂತು. ಹಂಸಭಾವಿಯಲ್ಲಿ ನಾದಿನಿ ಇದ್ದಾರೆ, ನನ್ನ ಗಂಡನ ಅಕ್ಕ. ತಮ್ಮನೆಂದರೆ ಅವರಿಗೆ ಜೀವ, ಅವನ ಮಗಳೆಂದರೆ ಇನ್ನೂ ಹೆಚ್ಚು. ಹತ್ತು ದಿನ ಹುಡುಗಿಯನ್ನು ಇಟ್ಟುಕೊಂಡರು. ಮಗು ವಾಪಸು ಬಂದಾಗ ತಲೆ ತಿಳಿಯಾಗಿತ್ತು, ಒಂದೇ ಒಂದು ಗುಳ್ಳೆ ಇರಲಿಲ್ಲ. ನಾನು ಕುಣಿದಾಡಿದೆ. ಒಂದು ವಾರ ಕಳೆಯುವುದರೊಳಗೆ ಎಲ್ಲ ಗುಳ್ಳೆಗಳೂ ಮತ್ತೆ ಎದ್ದವು.

ಆಗಲೇ ಆ ಚಹಾ ಕುಡಿದ ಸಂಜೆ. ನಾದಿನಿ ಸುದ್ದಿ ಕೇಳಿ ಓಡಿ ಬಂದಿದ್ದರು.

"ನನ್ನ ಕಡೆ ಇದ್ದಾಗ ಒಂದ ಗುಳ್ಳಿ ಇರಲಿಲ್ಲ," ಎಂದರು. "ನಿನ್ನ ಕಡೆ ಬಂದ ಕೂಡ್ಲೆ ತಲಿ ತುಂಬ್ಯಾವು. ನೀನ ಹೇಳವಾ, ಇದಕ್ಕ ಏನಂತಾರ?"

ಭಾವನವರು ಬಸಿಯ ಚಹಾ ಊದುತ್ತ ಹೇಳಿದರು: "ಕೆಲವರ ನೆರಳು ಹಂಗಿರತೈತಿ. ತಮ್ಮಂದು ಇರೂದು ಒಂದ ಕುಡಿ. ಅದರ ನೆಟ್ಟಗಿರ್ಲಿ."

ಹಬ್ಬ ಮುಗಿದ ಮೇಲಿನ ಭಾನುವಾರ ನಾದಿನಿ ಬಂದು ಹುಡುಗಿಯನ್ನು ಕರೆದೊಯ್ಯುವುದು, ಅಲ್ಲಿಯ ಶಾಲೆಗೇ ಹಾಕುವುದು ಎಂದಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆ? ಅಲ್ಲಿ ಇರಲಿಲ್ಲ, ಇಲ್ಲಿ ಇದೆ. ಅವರ ಮಾತಿನಲ್ಲಿ ಒಂದು ತಪ್ಪು ಹುಡುಕಲೂ ಆಗದೆ ಒಳಗೊಳಗೇ ಕುದ್ದೆ. ಗಂಡನನ್ನು ತಿಂದವಳು ಎಂದು ಹಿಂದಿನಿಂದ ಅಂದವರನ್ನು ಕ್ಷಮಿಸಿದ್ದೆ. ಮಗಳನ್ನೂ ತಿನ್ನುತ್ತಾಳೆ ಎಂದು ಎದುರಿಗೇ ಅಂದವರನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಹಬ್ಬದಲ್ಲಿ ಎಲ್ಲರೂ ಹೋಳಿಗೆ ತಿನ್ನುವಾಗ ನಾನು ಒಂದೇ ಮಾತು ಮೆಲುಕು ಹಾಕುತ್ತಿದ್ದೆ. ಇಲ್ಲಿ ಇರುವುದು, ಅಲ್ಲಿ ಇಲ್ಲದ್ದು ನಾನೊಬ್ಬಳೇ ಏನು? ಮಗಳದೂ ನನ್ನದೂ ಒಂದೇ ಹಣಿಗೆ, ಒಂದೇ ಎಣ್ಣೆ, ಒಂದೇ ದಿಂಬು, ಒಂದೇ ಕೌದಿ. ನೀರೂ ಒಂದೇ. ಇವುಗಳಲ್ಲಿ ದೋಷವಿದ್ದರೆ ನನ್ನ ತಲೆಯಲ್ಲೂ ಗುಳ್ಳೆ ಏಳಬೇಕಿತ್ತು. ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಮಗಳ ಹಿಂದೆ ಕುಳಿತು ಜಡೆ ಹೆಣೆದೆ. ಬುಟ್ಟಿಯಿಂದ ಒಂದು ಮೊಳ ಕಾಕಡಾ ಎತ್ತಿದೆ. ಕೈ ಅಲ್ಲಿಯೇ ನಿಂತಿತು. ಮಗಳ ತಲೆಗೆ ಸೋಕುವ, ನನ್ನ ತಲೆಗೆ ಸೋಕದ ವಸ್ತು ಈ ಮನೆಯಲ್ಲಿ ಇದೊಂದೇ ಆಗಿತ್ತು.

"ಅತ್ತಿ ಮನ್ಯಾಗ ಹೂವು ಮುಡಸ್ತಿದ್ರೇನು?" ಎಂದು ಕೇಳಿದೆ.

"ಹೂಂ. ಹಿತ್ತಲದಾಗಿನ ಅಬ್ಬಲಿಗಿ. ಅಲ್ಲಿ ಕಾಕಡಾ ಎಲ್ಲೈತಿ?" ಎಂದಳು.

ಮಾಲೆಯನ್ನು ಬುಟ್ಟಿಗೆ ಹಾಕಿ ನೇರ ತೋಟಕ್ಕೆ ನಡೆದೆ. ಭಾವನವರು ಹಿಂದಿನ ಸಂಜೆ ಔಷಧ ಹೊಡೆದ ಪಂಪು ತೊಳೆಯುತ್ತಿದ್ದರು. ಆ ವರ್ಷ ಮೊಗ್ಗಿಗೆ ಹುಳ ಹೆಚ್ಚೆಂದು ಶ್ರಾವಣದಿಂದ ಮೇಲಿಂದ ಮೇಲೆ ಸಂಜೆ ಹೊಡೆಯುತ್ತಿದ್ದರು, ಅದೇ ಮೊಗ್ಗನ್ನು ಮರುದಿನ ನಸುಕಿನಲ್ಲಿ ಬಿಡಿಸುತ್ತಿದ್ದರು. ಎಷ್ಟೋ ಸಲ ಕಂಡಿದ್ದೆ, ಆದರೆ ಆ ಹೂವನ್ನೂ ಮಗಳ ತಲೆಯನ್ನೂ ಜೋಡಿಸಿ ನೋಡಿರಲಿಲ್ಲ. ನನಗೆ ಬಂದ ಸಂಶಯ ಹೇಳಿದೆ.

"ನನ್ನ ಹೂವಿಗೆ ಕೆಟ್ಟ ಹೆಸರು ತರಬ್ಯಾಡ," ಎಂದು ಸಿಡಿದರು. "ದಿನಾ ಕಟ್ಟೂ ನಿನ್ನ ಕೈಗೇ ಏನೂ ಆಗಿಲ್ಲ. ಆಕಿ ತಲಿಗೆ ಹೆಂಗ ಆಕ್ಕೈತಿ?"

ಆ ಪ್ರಶ್ನೆ ನಾಟಿತು. ದಾರಿಯುದ್ದಕ್ಕೂ ಕೈ ನೋಡಿಕೊಂಡು ಬಂದೆ. ಮಾಲೆ ಕಟ್ಟಲು ಕುಳಿತ ಮೊದಲ ವರ್ಷ ನನ್ನ ಬೆರಳ ಸಂದಿಯೆಲ್ಲ ಕಡಿದು ಸುಲಿದಿತ್ತು. ಬಾಳೆನಾರಿನಿಂದ ಎಂದುಕೊಂಡಿದ್ದೆ. ಆಮೇಲೆ ಚರ್ಮ ಜಡ್ಡುಗಟ್ಟಿ ಎತ್ತಿನ ಹೆಗಲಿನಂತಾಗಿ, ಏನೂ ತಿಳಿಯದಾಯಿತು. ಆದರೆ ಇದನ್ನೆಲ್ಲ ಹೇಳಿದರೆ ನಂಬುವವರು ಯಾರು? ಮಗಳಿಗೆ ಮುಡಿಸುವುದನ್ನು ಅಂದೇ ನಿಲ್ಲಿಸಿದೆ, ಆದರೆ ಗುಳ್ಳೆ ಮಾಯಲು ವಾರವಾದರೂ ಬೇಕು. ಭಾನುವಾರಕ್ಕೆ ಐದೇ ದಿನ ಉಳಿದಿತ್ತು.

ಊರಲ್ಲಿ ಐದು ವರ್ಷದಿಂದ ಒಂದು ಮೊಗ್ಗೂ ಸೋಕದ ತಲೆ ಒಂದಿತ್ತು. ಅದು ನನ್ನ ಕತ್ತಿನ ಮೇಲೇ ಇತ್ತು.

ಬುಧವಾರ ಮುಂಜಾನೆ ತುರುಬು ಕಟ್ಟಿ ಮೊಳ ಕಾಕಡಾ ಸುತ್ತಿಕೊಂಡೆ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ನೆನಪು ಕೂಡಿದಾಗಿನಿಂದ ನನ್ನ ತಲೆಯಲ್ಲಿ ಹೂವನ್ನು ಅವಳು ಕಂಡೇ ಇರಲಿಲ್ಲ.

"ಅವ್ವಾ, ಚಂದ ಕಾಣ್ತಿ," ಎಂದಳು.

ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಕೊಡ ಎತ್ತಿ ನಳಕ್ಕೆ ಹೊರಟೆ. ಒಳಗೆ ಬಾಗಿಲು ಹಾಕಿಕೊಂಡು ಮುಡಿಯಬಹುದಿತ್ತು. ಆದರೆ ಕದ್ದು ಮುಡಿದರೆ ನಾಳೆ ಗುಳ್ಳೆಯನ್ನೂ ಸುಳ್ಳು ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ನಳದ ಹತ್ತಿರ ಪಾಳಿಗೆ ಕೊಡ ಇಟ್ಟೆ. ಒಬ್ಬ ಮುದುಕಿ ಧೈರ್ಯ ಮಾಡಿ ಕೇಳಿದಳು: "ಏನವಾ, ಮತ್ತೊಂದ ಮದುವಿ ಆಗಾಕತ್ತಿ ಏನ?"

"ಲಗ್ನಪತ್ರಿಕಿ ಕೊಡತೇನಿ ಆಯಿ, ತಪ್ಪದ ಬಾ. ಆಹೇರಿ ಮಾತ್ರ ಚಲೋದ ತರಬೇಕ ನೋಡು," ಎಂದೆ. ಇಬ್ಬರು ಹುಡುಗಿಯರು ಸೆರಗಿನಲ್ಲಿ ನಕ್ಕರು.

ಭಾವನವರು ಅಂದು ಮೊಗ್ಗಿನ ಬುಟ್ಟಿಯನ್ನು ದೂರದಿಂದಲೇ ತಳ್ಳಿ ಮುಖ ತಿರುಗಿಸಿದರು. ಗುರುವಾರವೂ ಮುಡಿದೆ. ಬಸ್ಸಿಗೆ ಮಾಲೆ ಕೊಡಲು ಹೋದಾಗ ಇಡೀ ಬಸ್ಸು ನನ್ನ ತುರುಬು ನೋಡಿತು. ಮಗಳಿಗೆಂದು ತರಿಸಿದ್ದ ಸವಣೂರಿನ ಖಾರಾದ ಪೊಟ್ಟಣ ಹಿಡಿದು ನಡುಬೀದಿಯಲ್ಲಿ ತಿನ್ನುತ್ತಲೇ ಮನೆಗೆ ಬಂದೆ. ಮಾನ ಹೋಗುವುದೇ ಆದರೆ ಹೊಟ್ಟೆ ತುಂಬಿಸಿಕೊಂಡಾದರೂ ಹೋಗಲಿ ಎನ್ನಿಸಿತ್ತು.

ಶುಕ್ರವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ತುರುಬಿನ ಕೆಳಗೆ ಚುರುಕ್ ಎಂದಿತು. ಹಿಟ್ಟಿನ ಕೈಯಿಂದಲೇ ಕೆರೆದುಕೊಂಡೆ. ಮತ್ತೆ ಚುರುಕ್ ಎಂದಿತು. ಒಲೆಯ ಮುಂದೆ ಒಬ್ಬಳೇ ಕುಳಿತು ಗಟ್ಟಿಯಾಗಿ ನಕ್ಕೆ. ತಲೆ ಕಡಿಯಿತೆಂದು ಇಷ್ಟು ಸಂಭ್ರಮಪಟ್ಟ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿರಲಿಕ್ಕಿಲ್ಲ. ಇನ್ನೂ ಗಟ್ಟಿಯಾಗಲಿ ಎಂದು ಶನಿವಾರವೂ ಮುಡಿದೆ. ಅಂದು ಸಂಜೆ ಬೆರಳಾಡಿಸಿದರೆ ಸಾಸಿವೆ ಕಾಳುಗಳು ಒಂದೊಂದಾಗಿ ಸಿಗುತ್ತಿದ್ದವು.

ಭಾನುವಾರ ನಾದಿನಿ ಬಂದರು. ಹುಡುಗಿಗೆ ಹೊಸ ಪಾಟಿಚೀಲ ತಂದಿದ್ದರು. ತವರಿಗೆ ಬಂದ ಅಕ್ಕನಿಗೆ ಭಾವನವರು ತೋಟದ ಮಾಲೆ ಕೊಟ್ಟಿದ್ದರು, ಅದು ಆಗಲೇ ಅವರ ತುರುಬಿನಲ್ಲಿತ್ತು. ನನ್ನ ಸುದ್ದಿಯನ್ನೂ ಕೊಟ್ಟಿದ್ದರೆಂದು ಅವರ ಮುಖದಲ್ಲೇ ಕಾಣುತ್ತಿತ್ತು.

"ಕುಂತ್ರಿ ಅಕ್ಕಾರ," ಎಂದೆ. "ಬೈಯೂದು ಆಮ್ಯಾಲ ಬೈರಿ. ಮೊದ್ಲ ನನ್ನ ತಲಿ ನೋಡ್ರಿ."

ಅವರು ಕಟ್ಟೆಯ ಮೇಲೆ ಕುಳಿತರು. ನಾನು ಕೆಳಗಿನ ಮೆಟ್ಟಿಲ ಮೇಲೆ ಅವರಿಗೆ ಬೆನ್ನು ಮಾಡಿ ಕುಳಿತು ಕೂದಲು ಬಿಚ್ಚಿದೆ. ನಮ್ಮ ಕಡೆಯ ಹೆಂಗಸಿನ ಮುಂದೆ ಬಿಚ್ಚಿದ ತಲೆ ಬಂದರೆ ಅವಳ ಕೈ ಸುಮ್ಮನಿರುವುದಿಲ್ಲ, ಎಷ್ಟೇ ಸಿಟ್ಟಿರಲಿ. ಅವರ ಬೆರಳುಗಳು ಕೂದಲು ಬೇರ್ಪಡಿಸುತ್ತ ಬಂದವು. ಕಿವಿಯ ಹಿಂದೆ ಬಂದು ನಿಂತವು.

"ಇವು ಹುಡುಗಿ ತಲ್ಯಾಗ ಇದ್ದಂಥವ ಗುಳ್ಳಿ," ಎಂದರು ಮೆಲ್ಲಗೆ.

"ಹೌದ್ರಿ. ಹಣಿಗಿ, ಎಣ್ಣಿ, ದಿಂಬು ಎಲ್ಲಾ ಕೂಡಿ ಬಳಸಿದ್ರೂ ಇಷ್ಟ ದಿವಸ ನನಗ ಬಂದಿರಲಿಲ್ಲ. ನಾಕ ದಿನ ಈ ತ್ವಾಟದ ಕಾಕಡಾ ಮುಡದೆ, ಬಂದಾವು."

ಬಾಗಿಲಲ್ಲಿ ನಿಂತಿದ್ದ ಭಾವನವರು ಬಗ್ಗಿ ನೋಡಿದರು. ಆಮೇಲೆ ಸೆಟೆದು ನಿಂತರು. "ಗಂಡ ಸತ್ತಾಕಿ ಹೂವು ಮುಡದ್ರ ಇನ್ನೇನಾಕ್ಕೈತಿ? ದೇವರು ಸುಮ್ನ ಬಿಡತಾನ?"

ನನ್ನ ಸಾಕ್ಷಿಯನ್ನೂ ನನ್ನ ಕೊರಳಿಗೇ ಸುತ್ತಿದ್ದರು. ನಾನು ಏನೇ ತಂದು ತೋರಿಸಿದರೂ ಕಡೆಗೆ ತಪ್ಪು ನನ್ನದೇ ಆಗುತ್ತದೆ ಎಂದು ಅರ್ಥವಾಯಿತು. ಕೂದಲು ಕಟ್ಟದೆ ಹಾಗೆಯೇ ಎದ್ದು ನಿಂತು ಅವರ ಕಡೆ ತಿರುಗಿದೆ. ಐದು ವರ್ಷದಲ್ಲಿ ಮೊದಲ ಸಲ ಅವರ ಮುಖವನ್ನು ನೇರ ನೋಡಿದೆ.

"ನನಗ ದೇವರು ಶಿಕ್ಷಾ ಕೊಟ್ಟಾನ ಅನ್ರಿ, ಒಪ್ಪತೇನಿ," ಎಂದೆ. "ನನ್ನ ಮಗಳಿಗೆ ಎಂಟ ವರ್ಷ. ಆಕಿ ತಲ್ಯಾಗೂ ಇವ ಗುಳ್ಳಿ ಅದಾವು. ಆಕಿ ಯಾವ ಗಂಡನ್ನ ಕಳಕೊಂಡಾಳ್ರೀ?"

ಮಗಳು ಹೊಸ ಪಾಟಿಚೀಲವನ್ನು ಎದೆಗವಚಿಕೊಂಡು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ನಾದಿನಿಯ ಕೈ ನಿಧಾನವಾಗಿ ತಮ್ಮ ತುರುಬಿಗೆ ಹೋಯಿತು. ಪಿನ್ನು ಸಡಿಲಿಸಿ ಕಾಕಡಾದ ಮಾಲೆ ತೆಗೆದು ಕಟ್ಟೆಯ ಆಚೆ ತುದಿಗೆ ಇಟ್ಟರು.

"ತಮ್ಮಾ," ಎಂದರು ಭಾವನವರಿಗೆ, "ನಿನ್ನ ಹೆಂಡ್ತಿಗೆ ಚಹಾ ಮಾಡಾಕ ಹೇಳು. ಈಕಿ ಕುಂದರ್ಲಿ."

ಸಂಜೆಯ ಬಸ್ಸಿಗೆ ಅವರು ಒಬ್ಬರೇ ಹೋದರು. ಪಾಟಿಚೀಲ ನಮ್ಮಲ್ಲೇ ಉಳಿಯಿತು.

ಮಗಳ ತಲೆ ಎರಡು ವಾರದಲ್ಲಿ ತಿಳಿಯಾಯಿತು. ಓಣಿಯ ಐದು ಮಂದಿ ತಾಯಂದಿರು ಒಬ್ಬರಿಗೊಬ್ಬರು ಹೇಳದೆ ನನ್ನ ಹತ್ತಿರ ಬಂದು ಹೋದರು. ಅವರ ಹೆಣ್ಣುಮಕ್ಕಳ ತಲೆಯಲ್ಲೂ ಇತ್ತಂತೆ, ಮರ್ಯಾದೆಗೆ ಹೆದರಿ ಮುಚ್ಚಿಟ್ಟಿದ್ದರಂತೆ. ಗುಳ್ಳೆ ಎಬ್ಬಿಸಿದ್ದು ಔಷಧವೋ, ಮೊಗ್ಗಿನೊಳಗಿನ ಕಣ್ಣಿಗೆ ಕಾಣದ ಹುಳವೋ, ನನಗೆ ಇವತ್ತಿಗೂ ತಿಳಿಯದು. ಡಾಕ್ಟರೂ ಎರಡೂ ಇರಬಹುದು ಎಂದರು. ಭಾವನವರು ನನ್ನದು ಸರಿ ಎಂದು ಯಾವತ್ತೂ ಹೇಳಲಿಲ್ಲ. ಔಷಧ ಹೊಡೆದ ಮೇಲೆ ನಾಲ್ಕು ದಿನ ಮೊಗ್ಗು ಬಿಡಿಸುವುದನ್ನು ಮಾತ್ರ ನಿಲ್ಲಿಸಿದರು.

ಮುಂದಿನ ಮಳೆಗಾಲಕ್ಕೆ ಹಂಸಭಾವಿಯಿಂದ ಬಸ್ಸಿನವರ ಕೈಯಲ್ಲಿ ಒಂದು ಗಂಟು ಬಂತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಬ್ಬಲಿಗೆಯ ನಾಲ್ಕು ಸಸಿಗಳು. ಚೀಟಿ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಚ್ಚಿದೆ. ಈಗ ಅವು ಸೊಂಟದೆತ್ತರ ಬೆಳೆದಿವೆ, ವರ್ಷವಿಡೀ ಬಿಡುತ್ತವೆ. ಮಗಳು ಹತ್ತನೇ ಇಯತ್ತೆಗೆ ಬಂದಿದ್ದಾಳೆ. ದಿನಾ ಬೆಳಿಗ್ಗೆ ಒಂದು ಗೇಣು ನನ್ನ ತುರುಬಿಗೆ ಸಿಕ್ಕಿಸಿ, ಆಮೇಲೆ ತಾನು ಮುಡಿಯುತ್ತಾಳೆ.

ಮೊದಲ ಸಲ ಆ ಅಬ್ಬಲಿಗೆ ಮುಡಿದು ಅಂಗಳಕ್ಕೆ ಬಂದ ದಿನ ಭಾವನವರು ತಡೆಯಲಾರದೆ ಕೇಳಿದ್ದರು: "ಪರೀಕ್ಷಾ ಮುಗೀತಲ್ಲ. ಗುಳ್ಳಿ ಯಾತರಿಂದ ಅಂತ ಗೊತ್ತಾತಲ್ಲ. ಇನ್ನೂ ಯಾಕ ಹೂವು?"

ನಾನು ತಲೆ ಬಗ್ಗಿಸಿ ಕೂದಲು ಸರಿಸಿ ತೋರಿಸಿದೆ.

"ನೋಡ್ರಿ, ಇದರಿಂದ ಏನೂ ಆಗವಲ್ದು. ಯಾಕ ತಗೀಲಿ?"