ಕಿಂಡಿಗೆ ಹಿಡಿದ ತಟ್ಟೆ

ಕುಲುಮೆ ಕಟ್ಟುವ ಕಂಪನಿಗೆ ಐವತ್ತು ತುಂಬಿತೆಂದು ಚರಿತ್ರೆಯ ಪುಸ್ತಕ ಬರುವುದಿತ್ತು. ಅಚ್ಚಿಗೆ ಹೋಗಬೇಕಾದ ಹಾಳೆ ಹಿಡಿದು ಯಜಮಾನರ ಮಗ ದೊಡ್ಡಮ್ಮನ ಅಡುಗೆಮನೆಗೇ ಬಂದ. ಮೊದಲ ಕುಲುಮೆಯನ್ನು ಕಂಡವರಲ್ಲಿ ಅವನಪ್ಪನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ.

"ಓದಿ ಒಂದು ಸಹಿ ಹಾಕಿಬಿಡಿ ದೊಡ್ಡಮ್ಮ. ಕಣ್ಣಾರೆ ಕಂಡವರ ಸಹಿ ಇದ್ರೆ ಪುಸ್ತಕಕ್ಕೊಂದು ತೂಕ."

ಕನ್ನಡಕ ಏರಿಸಿ ಓದಿದಳು. ಹಿತ್ತಲ ಶೆಡ್ಡು, ತಮ್ಮನ ಕನಸು, ಅಣ್ಣನ ದುಡಿಮೆ. ಆಮೇಲೆ ಒಂದೇ ಸಾಲು: 'ಮೊದಲ ಕುಲುಮೆ ಸಿಡಿದದ್ದು ಕೆಲಸಗಾರನ ಅವಸರದಿಂದ.' ಆ ಕೆಲಸಗಾರ ಅವಳ ಗಂಡ, ಯಜಮಾನರ ಅಣ್ಣ, ಅದರ ಮುಂದೆಯೇ ಸುಟ್ಟು ಸತ್ತವರು.

ಜೇಡಿಮಣ್ಣು ಜರಡಿ ಹಿಡಿದವಳು, ತುಳಿದು ಹದ ಮಾಡಿದವಳು, ಹನ್ನೆರಡು ಆಳಿಗೆ ಬೇಯಿಸಿ ಹಾಕಿದವಳು ಯಾವ ಸಾಲಿನಲ್ಲೂ ಇರಲಿಲ್ಲ. ಹಿತ್ತಲು ಮನೆಯದೇ ಆದ್ದರಿಂದ ಅದೆಲ್ಲ ಮನೆಗೆಲಸವೇ ಆಗಿಹೋಗಿತ್ತು.

ಹೊಸ ಕುಲುಮೆಯ ಒಳಗೋಡೆ ಹಸಿಯಿರುವಾಗ ಬೆಂಕಿ ಏರಿಸಿದರೆ ಸಿಕ್ಕಿಬಿದ್ದ ನೀರು ಉಗಿಯಾಗಿ ಗೋಡೆಯನ್ನೇ ಸೀಳುತ್ತದೆ. ಹಸಿ ಆರಿದೆಯೇ ಎಂದು ತಿಳಿಯಲು ಉಗಿ ಹೊರಬರುವ ಕಿಂಡಿಗೆ ಊಟದ ತಣ್ಣನೆಯ ತಟ್ಟೆ ಹಿಡಿಯುವ ಉಪಾಯ ಅವಳದು. ತಟ್ಟೆ ಮಬ್ಬಾದರೆ ಬೆಂಕಿ ಸಣ್ಣಗಿರಲಿ, ಹೊಳೆಯುತ್ತಲೇ ಇದ್ದರೆ ಏರಿಸಬಹುದು. ಕಂಪನಿಯಲ್ಲಿ ಈಗಲೂ ಅದೇ ಪದ್ಧತಿ. ಪುಸ್ತಕದಲ್ಲಿ ಮಾತ್ರ ಅದು ಮೈದುನನ ಬುದ್ಧಿವಂತಿಕೆ.

ಸತ್ತ ಗಂಡ ಅವಳಿಗೆ ಹಾಡುಹಗಲಲ್ಲೇ ಕಾಣುತ್ತಿದ್ದರು. ಊಟದ ಹೊತ್ತಿಗೆ ಸರಿಯಾಗಿ, ಅಡುಗೆಮನೆಯ ಬಾಗಿಲಲ್ಲಿ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಕೈ ಮುಂದೆ ಚಾಚಿ. ಏನು ಕೇಳುತ್ತಿದ್ದಾರೆಂದು ಅವಳು ಇಷ್ಟು ವರ್ಷ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಈಗಲೂ ಅಲ್ಲೇ ನಿಂತಿದ್ದರು.

"ಅವಸರ ಅವರದ್ದಲ್ಲ ಕಣೋ."

"ಮತ್ತಿನ್ಯಾರದ್ದು?"

"ಅವತ್ತು ಕುಲುಮೆ ಕೊಳ್ಳೋಕೆ ನಾಲ್ಕು ಜನ ಬಂದಿದ್ರು. ಆಳುಗಳೂ ಊಟಕ್ಕೆ ಕೂತಿದ್ರು, ಬಡಿಸೋಕೆ ಒಂದು ತಟ್ಟೆ ಕಡಿಮೆ ಬಿತ್ತು. 'ಅತ್ತಿಗೆ, ಕಿಂಡಿ ಹತ್ರ ಇರೋದನ್ನೇ ತನ್ನಿ, ಮಾನ ಹೋಗುತ್ತೆ' ಅಂದ ನಿಮ್ಮಪ್ಪ. ಅಣ್ಣಂಗೆ, 'ಇವರು ಉಂಡೇಳೋ ಹೊತ್ತಿಗೆ ಒಳಗೆ ಕೆಂಪಗೆ ಕಾಣ್ಬೇಕು' ಅಂದ. ನಾನು ಹೋಗಿ ತಂದೆ. ನಿಮ್ಮ ದೊಡ್ಡಪ್ಪ ಪಾಪ, ಬರೀ ಅಂಗೈ ಒಡ್ಡಿ ನೋಡಿ ಬೆಂಕಿ ಏರಿಸಿದ್ರು. ತರುವಾಗ ತಟ್ಟೆ ಮೇಲೆ ಮಬ್ಬಿತ್ತು. ಕಂಡೆ. ತೊಳೆದು, ಸೆರಗಲ್ಲಿ ಒರೆಸಿ ಬಡಿಸಿದೆ."

ಅವನ ಮುಖ ಸಪ್ಪಗಾಯಿತು. "ಚರಿತ್ರೆ ಪುಸ್ತಕದಲ್ಲಿ ತಟ್ಟೆ ಪುರಾಣ ಹಾಕೋಕಾಗುತ್ತಾ? ಬಿಡಿ, ಆ ಪುಟಾನೇ ತೆಗೆಸ್ತೀನಿ. ದೊಡ್ಡಪ್ಪನ ಮೇಲೆ ತಪ್ಪೂ ಬರಲ್ಲ."

"ದೊಡ್ಡಪ್ಪನೂ ಇರಲ್ಲ."

ಅವಳು ಅವನ ಜೇಬಿನ ಪೆನ್ನು ತಾನೇ ಎಳೆದುಕೊಂಡು 'ಕೆಲಸಗಾರನ ಅವಸರದಿಂದ' ಎಂಬುದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ 'ತಟ್ಟೆ ತರಿಸಿದವನು ಮೈದುನ, ತಂದವಳು ನಾನು' ಎಂದು ಬರೆದು ಸಹಿ ಹಾಕಿದಳು.

"ಅಪ್ಪ ಇದನ್ನ ಒಪ್ತಾರಾ ದೊಡ್ಡಮ್ಮ?"

"ಸಿಡಿದ ಸದ್ದು ಕೇಳಿದಾಗ ನಿಮ್ಮಪ್ಪ ಎರಡನೇ ಸಲ ಬಡಿಸ್ಕೊಳ್ತಿದ್ದ. ಅವನೂ ಮರೆತಿರಲ್ಲ. ತಗೊಂಡು ಹೋಗಿ ತೋರಿಸು."