ಹತ್ತಿ ಬಿಡಿಸದ ಊರು

ಕಾಲುವೆಗೆ ನೀರು ಬಿಟ್ಟ ದಿನ ದೇವಕಮ್ಮನ ಮನೆಗೆ ತೂಬಿನ ಬಾಯಿ ಗುಳುಗುಳು ಅನ್ನುವುದು ಕೇಳುತ್ತಿತ್ತು. ಆ ನೀರು ಬಂದ ಮೇಲೆ ವನದುರ್ಗದ ಸುತ್ತಿನ ಜೋಳದ ಹೊಲಗಳೆಲ್ಲ ಹತ್ತಿಯಾದವು. ಹತ್ತಿ ಬಿಡಿಸಲು ಎಳೆಯ ಬೆರಳು ಚುರುಕು. ಊರಿನ ಹೆಣ್ಣುಮಕ್ಕಳಿಗೆ ಕೂಲಿ ಸಿಕ್ಕಿತು, ಶಾಲೆ ತಪ್ಪಿತು.

ಹೆಂಗಸರ ಗುಂಪು ಕಟ್ಟಿ ಹೊಲಕ್ಕೆ ಕರೆದೊಯ್ಯುತ್ತಿದ್ದವಳು ದೇವಕಮ್ಮ. ಗಂಡ ಸತ್ತ ವರ್ಷ ಮಗಳು ಬಾಲಮ್ಮನನ್ನೂ ಶಾಲೆ ಬಿಡಿಸಿ ಜೊತೆಗೆ ಹಾಕಿಕೊಂಡಳು.

ಮಕ್ಕಳ ಬದುಕನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರಿಂದ ಅಯ್ಯಪ್ಪ ಎಂಬವನು ಮನೆ ಮನೆಗೆ ಬಂದು ಯಾವ ಮಕ್ಕಳು ದುಡಿಯುತ್ತಾರೆಂದು ಕೇಳುತ್ತಾನೆಂದು ಸುದ್ದಿಯಾಯಿತು. ಮಕ್ಕಳನ್ನು ದುಡಿಸಿದರೆ ಜೈಲು ಎಂದು ಯಾರೋ ಹೆದರಿಸಿದ್ದರು. ದೇವಕಮ್ಮ ಓಣಿಯ ಕಟ್ಟೆ ಕಟ್ಟೆಗೂ ಹೋದಳು.

"ಎಲ್ಲಾರೂ ಒಂದೇ ಮಾತು ಹೇಳ್ರಿ. ನಮ್ಮ ಹುಡುಗ್ರು ಸಾಲಿಗಿ ಹೋಗ್ತಾವ, ಹತ್ತಿ ಹೊಲ ಕಣ್ಣಿಲೆ ಕಂಡಿಲ್ಲ."

"ಮಾಸ್ತರಿಗಿ ಇವ್ರ ಹೆಸರರೆ ಗೊತ್ತದಾವೇನು?" ಎಂದಳು ನೆರೆಮನೆಯ ಜೈತುನಬೀ.

"ಅವತ್ತ ಗೊತ್ತಾಗ್ತಾವ ಬಿಡವ್ವಾ."

ಅಯ್ಯಪ್ಪ ಬಂದ ದಿನ ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಶಾಲೆಯಲ್ಲಿ ಕುಳಿತಿದ್ದವು. ಮರುದಿನ ಹತ್ತಿಯ ಸಾಲಿನಲ್ಲಿ ಬಾಲಮ್ಮ ಕೇಳಿದಳು: "ಯವ್ವಾ, ಆ ಸರ ಮತ್ತ ಯಾವಾಗ ಬರ್ತಾರ?"

ದೇವಕಮ್ಮ ಮುಂದಿನ ಗಿಡಕ್ಕೆ ಕೈ ಹಾಕಿದಳು.

ಮುಂದಿನ ವರ್ಷ ಅಯ್ಯಪ್ಪ ಬರೆದುಕೊಂಡು ಹೋದದ್ದೆಲ್ಲ ವರದಿ ಪುಸ್ತಕವಾಗಿ ಬಂತು. ಅದನ್ನೇ ನೋಡಿ, ಶಾಲೆ ಬಿಟ್ಟ ಹುಡುಗಿಯರಿಗಾಗಿ ಪಕ್ಕದ ಊರಲ್ಲಿ ವಸತಿ ಶಾಲೆ ತೆರೆದರು. ಊಟ, ಬಟ್ಟೆ ಅಲ್ಲಿಯೇ. ಕೂಲಿ ಬಿಟ್ಟರೂ ಮಗಳ ಹೊಟ್ಟೆ ತುಂಬುತ್ತದೆಂದು ದೇವಕಮ್ಮ ಬಾಲಮ್ಮನ ಜಡೆ ಬಿಗಿದು ಕರೆದುಕೊಂಡು ಹೋದಳು. ಹುಡುಗಿಯರ ಹೆಸರು ಬರೆದುಕೊಳ್ಳಲು ಬಂದಿದ್ದ ಅಯ್ಯಪ್ಪ ಬಾಗಿಲಲ್ಲೇ ಸಿಕ್ಕ.

"ನಿಮ್ಮೂರಾಗ ಒಂದು ಹುಡುಗಿನೂ ಹತ್ತಿ ಬಿಡ್ಸಂಗಿಲ್ಲಲ್ಲ ಯಕ್ಕಾ. ಭಾಳ ಚೊಲೊ ಊರು ಅಂತ ಬರದೀವಿ. ಇಲ್ಲಿ ಸೀಟು ಬ್ಯಾರೆ ಊರಿನವರಿಗಿ."

"ಸುಳ್ಳ ಹೇಳೀವ್ರಿ ಸರ. ಎಲ್ಲಾರಿಗೂ ಕಲಿಸಿಕೊಟ್ಟಾಕಿ ನಾನೇ."

ಅಯ್ಯಪ್ಪ ಅವಳ ಮುಖ ನೋಡಲಿಲ್ಲ. "ಪುಸ್ತಕ ಅಚ್ಚಾಗ್ಯಾದ, ದಿಲ್ಲಿತನಕ ಹೋಗ್ಯಾದ. ನಾಕು ವರ್ಷ ಬಿಟ್ಟು ಮತ್ತ ಸರ್ವೇ ಅದ. ಆವಾಗರೆ ಖರೇ ಹೇಳ್ರಿ."

"ಆವಾಗ ಇಕಿದು ಲಗ್ನ ಆಗಿರ್ತಾದ್ರಿ."

ಒಳಗೆ ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ಹೊಸ್ತಿಲಲ್ಲಿ ನಿಂತ ಬಾಲಮ್ಮನ ತುಟಿ ಅವರೊಂದಿಗೇ ಅಲುಗುತ್ತಿತ್ತು.

"ನಡಿ," ಎಂದಳು ದೇವಕಮ್ಮ. "ಬಿಸಲೇರಿದ್ರ ಹತ್ತಿಗಿ ಒಣಗಿದ ಎಲಿ ಚೂರು ಹತ್ತಾವ, ಆಮ್ಯಾಲ ಹೊಲದ ಗೌಡ್ರು ನನಗ..." ಅಷ್ಟರಲ್ಲೇ ತಿರುಗಿ, ಮಗಳು ಬರುತ್ತಾಳೋ ಇಲ್ಲವೋ ಎಂದೂ ನೋಡದೆ, ರಸ್ತೆಗಿಳಿದು ನಡೆದುಬಿಟ್ಟಳು.