ವಿಸಾಲಳ ಸ್ಪ್ಯಾನಿಷ್

ಸ್ಪೇನಿನ ಎದುರು, ಸಮುದ್ರದ ಈಚೆ ದಡದಲ್ಲಿರುವ ನಮ್ಮ ಮಾರ್ತಿಲ್‌ನ ಕಾಲೇಜಿನಲ್ಲಿ ಎರಡನೇ ವರ್ಷದ ಸ್ಪ್ಯಾನಿಷ್ ಸಂಭಾಷಣೆ ತರಗತಿ ಅಂದರೆ ಎಲ್ಲರಿಗೂ ನಡುಕ. ಮೊದಲನೇ ವರ್ಷ ಬಾಯಿಪಾಠ ಮಾಡಿ ಪಾಸಾದವರೆಲ್ಲ ಇಲ್ಲಿ ಬಂದು ಮೂಗರಾಗುತ್ತಿದ್ದರು. ಮುಫದ್ದಲ್ ಮೇಷ್ಟ್ರು ಪುಸ್ತಕ ಮುಚ್ಚಿಸಿ, ಕುರ್ಚಿಗಳನ್ನು ದುಂಡಗೆ ಹಾಕಿಸಿ, "ಹೂಂ, ಮಾತಾಡಿ" ಎಂದು ಕೂತುಬಿಡುತ್ತಿದ್ದರು. ಬಾಯಿ ತಪ್ಪಿ ಅರಬ್ಬಿ ಪದ ಬಂದರೆ ಮರುದಿನ ತರಗತಿಗೆಲ್ಲ ಹುರಿದ ಸೂರ್ಯಕಾಂತಿ ಬೀಜ ತರಬೇಕು. ಆ ವರ್ಷ ನಾವು ತಿಂದ ಬೀಜದಲ್ಲಿ ಮುಕ್ಕಾಲು ಪಾಲು ವಿಸಾಲ್ ತಂದದ್ದು.

ವಿಸಾಲ್ ನನ್ನ ಪಕ್ಕದ ಮನೆಯವಳು, ತರಗತಿಯಲ್ಲೂ ಪಕ್ಕದ ಕುರ್ಚಿ. ಅವಳಪ್ಪ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದರು. ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಮಾತು ಅಂದರೆ ಮಾತ್ರ ಹೆದರುತ್ತಿದ್ದಳು. ತಪ್ಪಾದೀತೆಂದು ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ಕೆಡವಿ, ಮತ್ತೆ ಕಟ್ಟಿ ಬಾಯಿ ತೆರೆಯುವಷ್ಟರಲ್ಲಿ ಉಳಿದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. "ರಾಣಿಯವರೇ, ಹೋದ ವಾರದ ಪ್ರಶ್ನೆಗೆ ಈಗ ಉತ್ತರ ಹೊರಟಿತಾ?" ಎಂದು ಮೇಷ್ಟ್ರು ಕಿಚಾಯಿಸುತ್ತಿದ್ದರು. ಅವಳು ನಗುತ್ತಿದ್ದಳು, ಮನೆಗೆ ಬರುವ ದಾರಿಯಲ್ಲಿ ಅಳುತ್ತಿದ್ದಳು.

ನಮ್ಮ ಎದುರು ಮನೆ ರಹೀಮೊ ಚಿಕ್ಕಮ್ಮನದು. ಗಂಡ ತೀರಿಹೋದ ಮೇಲೆ ಬೆಳಿಗ್ಗೆ ಓಣಿಯ ಮೂಲೆಯಲ್ಲಿ ಹೆಂಚಿಟ್ಟು ಪದರದ ರೊಟ್ಟಿ ಸುಟ್ಟು ಮಾರಿ ಒಬ್ಬನೇ ಮಗ ಜುಹೈರ್‌ನನ್ನು ಸಾಕಿದವಳು. ಚಳಿಗಾಲದ ಕೊನೆಗೆ ಅವನು ಯಾರಿಗೂ ಹೇಳದೆ ರಬ್ಬರ್ ದೋಣಿ ಹತ್ತಿ ಆಚೆ ದಡಕ್ಕೆ ಹೊರಟುಹೋದ. ಆಮೇಲೆ ಸುದ್ದಿಯಿಲ್ಲ. ಓಣಿಯಲ್ಲಿ ನಾಲ್ಕು ಮಾತು ಸ್ಪ್ಯಾನಿಷ್ ಬಲ್ಲ ಗಂಡಸರೆಲ್ಲ ಅವಳನ್ನು ಕಂಡರೆ ದಾರಿ ಬದಲಿಸತೊಡಗಿದರು. ಕೆಟ್ಟ ಸುದ್ದಿಗೆ ಬಾಯಾಗಲು ಯಾರಿಗೆ ಇಷ್ಟ! ಕೊನೆಗೆ ಚಿಕ್ಕಮ್ಮ ವಿಸಾಲಳ ಕೈ ಹಿಡಿದುಕೊಂಡಳು.

"ನೀನು ಅದನ್ನೇ ಓದ್ತಿದೀಯಲ್ಲ ಮಗಳೇ. ಆಚೆ ಆಸ್ಪತ್ರೆಗಳಿಗೆ ಫೋನ್ ಹಚ್ಚು. ನನ್ನ ಮಗ ಎಲ್ಲಿದಾನೆ ಅಂತ ಕೇಳು, ಅಷ್ಟೇ ಸಾಕು."

ಮೊದಲ ಫೋನು ನೆನೆದರೆ ನನಗೆ ಈಗಲೂ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ನಮ್ಮಲ್ಲಿ ಕ್ಷೇಮ ವಿಚಾರಿಸದೆ ಯಾರಾದರೂ ಕೆಲಸದ ಮಾತೆತ್ತುತ್ತಾರೆಯೇ? ಇವಳು ಆಸ್ಪತ್ರೆ ಕಚೇರಿಯ ಹೆಂಗಸಿಗೆ ನಮಸ್ಕಾರ ಹೇಳಿ, ಹೇಗಿದ್ದೀರಿ ಎಂದು ಕೇಳಿ, ಮನೆಯವರೆಲ್ಲ ಹೇಗಿದ್ದಾರೆ, ಮಕ್ಕಳು ಆರೋಗ್ಯವೇ, ದೇವರು ಚೆನ್ನಾಗಿಟ್ಟಿರಲಿ ಎನ್ನುವಷ್ಟರಲ್ಲಿ ಅತ್ತ ಫೋನ್ ಇಟ್ಟಾಗಿತ್ತು. ಎರಡನೆಯ ಕಡೆಯೂ ಅದೇ ಕಥೆ.

ಸಂಗತಿ ಕೇಳಿದ ಮುಫದ್ದಲ್ ಮೇಷ್ಟ್ರು ಅಂದಿನಿಂದ ಪಾಠವನ್ನೇ ಬದಲಿಸಿದರು. ತಾವೇ ಸಿಡುಕು ಗುಮಾಸ್ತನಾಗಿ ಕೂತು, ಬೂಟನ್ನು ಫೋನಿನ ಹಾಗೆ ಕಿವಿಗಿಟ್ಟುಕೊಂಡು, "ಏನು ಬೇಕು? ಬೇಗ ಹೇಳಿ!" ಎಂದು ಗದರುತ್ತಿದ್ದರು. ವಿಸಾಲ್ ತಡವರಿಸಿದರೆ ಬೂಟು ನೆಲಕ್ಕೆ. ಎರಡೇ ಉಸಿರಿನಲ್ಲಿ ತಾನು ಯಾರು, ಯಾರನ್ನು ಹುಡುಕುತ್ತಿದ್ದೇನೆ ಎಂದು ಹೇಳಬೇಕು. ಸಂಜೆ ಅವಳು ಸಮುದ್ರದ ದಂಡೆಗೆ ಹೋಗಿ, ವ್ಯಾನಿನಲ್ಲಿ ಬಂದು ಬಿಡಾರ ಹೂಡಿದ್ದ ಸ್ಪೇನಿನ ಮುದುಕಿಯರ ಜೊತೆ ಕೂರುತ್ತಿದ್ದಳು. ಅವರ ಮೊಣಕಾಲು ನೋವು, ಸೊಸೆಯಂದಿರ ದೂರು ಎಲ್ಲ ಕೇಳಿ ಅದೇ ಧಾಟಿಯಲ್ಲಿ ಮಾರುತ್ತರ ಕೊಡಲು ಕಲಿತಳು. ವಸಂತ ಮುಗಿಯುವ ಹೊತ್ತಿಗೆ ಬೀಜ ತರುವ ಸರದಿ ನನ್ನದಾಗಿತ್ತು. ತಪ್ಪಿನ ಭಯ ಎಲ್ಲಿ ಹೋಯಿತೆಂದು ಕೇಳಿದೆ. "ಚಿಕ್ಕಮ್ಮನ ಮುಖ ನೋಡಿದ ಮೇಲೆ ನನ್ನ ನಾಚಿಕೆ ಯಾವ ದೊಡ್ಡ ವಿಷಯ ಕಣೆ ಇಬ್ತಿಸಾಮ್" ಎಂದಳು.

ಒಂದು ಮಧ್ಯಾಹ್ನ, ರಹೀಮೊ ಚಿಕ್ಕಮ್ಮನ ಅಡುಗೆಮನೆಯಲ್ಲಿ, ಆಚೆ ದಡದ ಒಂದು ಆಸ್ಪತ್ರೆಗೆ ಫೋನು ಹತ್ತಿತು. ನಾನೂ ಅಲ್ಲಿದ್ದೆ. ವಿಸಾಲ್ ಒಂದು ಕಡೆಯೂ ಮುಗ್ಗರಿಸಲಿಲ್ಲ. ಅತ್ತಲಿನ ಹೆಂಗಸು ಕಾಯಲು ಹೇಳಿ, ಮರಳಿ ಬಂದು, ಏನೋ ಕೇಳಿದಳು. ವಿಸಾಲ್ ಚಿಕ್ಕಮ್ಮನ ಕಡೆ ತಿರುಗಿದಳು.

"ಜುಹೈರ್ ಎಡಗೈ ಮೇಲೆ ಸುಟ್ಟ ಕಲೆ ಇದೆಯಾ ಅಂತ ಕೇಳ್ತಿದಾರೆ."

"ಇದೆ! ಇದೆ!" ಚಿಕ್ಕಮ್ಮ ಎದ್ದೇ ನಿಂತಳು. "ಮೂರು ವರ್ಷದವನಿದ್ದಾಗ ನನ್ನ ಹೆಂಚಿನ ಮೇಲೇ ಕೈ ಊರಿದ್ದ ಪೋರ! ಅವನೇ, ಅವನೇ! ಸಿಕ್ಕಿದ ನನ್ನ ಮಗ!"

ವಿಸಾಲ್ ಹೌದೆಂದು ತಿಳಿಸಿದಳು. ಅತ್ತಲಿನ ದನಿ ಮೆತ್ತಗಾಯಿತು. ನನ್ನ ಸ್ಪ್ಯಾನಿಷ್ ಕುಂಟುತ್ತಿತ್ತು, ಆದರೂ ಸತ್ತಿದ್ದಾನೆ ಎಂಬ ಮಾತಿಗೆ ಎಷ್ಟು ವಿದ್ಯೆ ಬೇಕು? ನಾನು ಗೋಡೆ ನೋಡತೊಡಗಿದೆ. ಉಳಿದದ್ದನ್ನು ವಿಸಾಲ್ ಆಮೇಲೆ ಹೇಳಿದಳು: ಶವ ಶವಾಗಾರದಲ್ಲಿದೆ, ಹತ್ತು ದಿನದೊಳಗೆ ಮನೆಯವರು ಯಾರಾದರೂ ಒಂದು ಮಾತು ತಿಳಿಸಿದರೆ ಇಟ್ಟುಕೊಂಡು ಊರಿಗೆ ಕಳಿಸುತ್ತಾರೆ, ಇಲ್ಲದಿದ್ದರೆ ಅಲ್ಲೇ ಹೂಳುತ್ತಾರೆ.

ಫೋನ್ ಇಟ್ಟಳು. ಚಿಕ್ಕಮ್ಮ ಅವಳ ಎರಡೂ ಕೆನ್ನೆ ಹಿಡಿದು, "ಏನಂದ್ರು? ಹೇಳೇ!" ಎಂದಳು.

"ಆಸ್ಪತ್ರೆಯಲ್ಲಿದಾನೆ ಚಿಕ್ಕಮ್ಮ. ಹುಷಾರಿಲ್ಲ."

ಅವಳನ್ನು ಬೈಯುವವರು ನಮ್ಮೂರಿನ ರೀತಿ ತಿಳಿದು ಬೈಯಬೇಕು. ಸಾವನ್ನು ನಾವು ಒಂದೇ ಸಲಕ್ಕೆ ಹೇಳುವುದಿಲ್ಲ. ಮೊದಲು ಹುಷಾರಿಲ್ಲ, ಆಮೇಲೆ ಜಾಸ್ತಿಯಾಗಿದೆ, ಆಮೇಲೆ ರಕ್ತಸಂಬಂಧದ ಹಿರಿಯ ಗಂಡಸು ನಾಲ್ಕು ಜನರ ಜೊತೆ ಬಂದು ಪಕ್ಕದಲ್ಲಿ ಕೂತು ಉಳಿದದ್ದನ್ನು ಹೇಳಬೇಕು. ಒಂಟಿ ಹೆಂಗಸಿಗೆ, ಅದೂ ಮದುವೆಯಾಗದ ಹುಡುಗಿಯೊಬ್ಬಳು ಹೇಳುವುದೆಂದರೆ ಉಗುಳಿದಷ್ಟೇ ಅವಮಾನ. ಚಿಕ್ಕಮ್ಮನಿಗಿದ್ದವನು ಒಬ್ಬನೇ ಅಣ್ಣ, ಅಬ್ದಸ್ಸಲಾಮ್ ಮಾವ. ಅವನು ದೂರದ ದಕ್ಷಿಣದಲ್ಲಿ ಸಾರ್ಡೀನ್ ಮೀನು ಹಿಡಿಯುವ ಹಡಗಿನ ಮೇಲಿದ್ದ. ಫೋನು ಸಿಗುತ್ತಿರಲಿಲ್ಲ. ಗುರುವಾರ ದಡಕ್ಕೆ ಬರುತ್ತಾನೆಂದು ಹಡಗಿನವರ ಕಚೇರಿಯಲ್ಲಿ ಹೇಳಿದರು.

ನಾನು ಚಿಕ್ಕಮ್ಮನ ಮನೆಯ ಕತ್ತಲು ಮೆಟ್ಟಿಲಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿ, "ಹೇಳಿಬಿಡೇ, ರೀತಿ ರಿವಾಜು ಹಾಳಾಗಿ ಹೋಗ್ಲಿ" ಎಂದೆ. "ಮಾವ ಗುರುವಾರ ಬರ್ತಾನಲ್ಲ. ಅಲ್ಲೀವರೆಗೆ ಟೈಮಿದೆ" ಎಂದಳು. ಮೇಷ್ಟ್ರನ್ನು ಕೇಳಿದರೆ ಅವರೂ ಗಡ್ಡ ಕೆರೆದುಕೊಂಡು, "ಒಡಹುಟ್ಟಿದವನು ಬದುಕಿರುವಾಗ ನಾವು ಬಾಯಿ ಹಾಕೋದು ಸರಿಯಲ್ಲಮ್ಮ, ತಾಳು" ಎಂದರು.

ಚಿಕ್ಕಮ್ಮ ಆ ದಿನಗಳಲ್ಲಿ ಹಬ್ಬ ಮಾಡಿದಳು. ಓಣಿಗೆಲ್ಲ ಬಿಟ್ಟಿ ರೊಟ್ಟಿ, ಮೇಲೆ ಜೇನುತುಪ್ಪ. ಮಗ ಮಲಗಿರುವ ಕಡೆ ಚಳಿಯಂತೆ ಎಂದು ತಾನೇ ಊಹಿಸಿಕೊಂಡು ಉಣ್ಣೆಯ ಅಂಗಿ ಹೆಣೆಯಲು ಕೂತಳು. ವಿಸಾಲಳನ್ನು ಕರೆದು ಅಳತೆಗೆ ಅವಳ ಬೆನ್ನಿಗೆ ಹಿಡಿಯುತ್ತಿದ್ದಳು. "ಅವನಿಗಿಂತ ಸ್ವಲ್ಪ ಸಣ್ಣಗಿದೀಯ, ಇರಲಿ, ಆಸ್ಪತ್ರೆ ಊಟ ತಿಂದು ಅವನೂ ಸೊರಗಿರ್ತಾನೆ." ವಿಸಾಲ್ ಅಲ್ಲಾಡದೆ ನಿಂತಿರುತ್ತಿದ್ದಳು. ಅದನ್ನು ನೋಡಲಾರದೆ ನಾನು ಎದ್ದು ಹೋಗುತ್ತಿದ್ದೆ.

ಗುರುವಾರ ಗಾಳಿ ಎದ್ದು ಹಡಗು ಬರಲಿಲ್ಲ. ಶನಿವಾರವೂ ಇಲ್ಲ. ವಿಸಾಲ್ ತನ್ನ ಮನೆಯಿಂದ ಆಸ್ಪತ್ರೆಗೆ ಮತ್ತೆ ಫೋನ್ ಮಾಡಿದಳು. ಅಂಥ ಸ್ಪ್ಯಾನಿಷನ್ನು ನಾನು ನಮ್ಮ ಕಾಲೇಜಿನಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಿಲ್ಲ. ಬೇಡಿದಳು, ವಾದಿಸಿದಳು, ಇನ್ನೊಂದು ವಾರ ಕೊಡಿ ಎಂದಳು. ಆ ಹೆಂಗಸು ಒಳ್ಳೆಯವಳೇ. "ಕೊಡಬಹುದು ಮಗು, ಆದರೆ ಮನೆಯವರು ಕೇಳಬೇಕು. ತಾಯಿ ಇದ್ದಾಳಲ್ಲ, ಒಂದು ಮಾತು ಅವಳಿಂದ ಹೇಳಿಸು" ಎಂದಳು. ತಾಯಿ ಹತ್ತು ಹೆಜ್ಜೆಯಾಚೆ ಹೆಣಿಗೆ ಹಾಕುತ್ತಿದ್ದಳು. ವಿಸಾಲ್ ಚಿಕ್ಕಮ್ಮನ ಬಾಗಿಲವರೆಗೆ ಹೋದಳು, ಅಂಗಿಯ ಎರಡನೇ ತೋಳು ನೋಡಿದಳು, ವಾಪಸು ಬಂದಳು.

ಅಬ್ದಸ್ಸಲಾಮ್ ಮಾವ ಬಂದದ್ದು ಗಡುವು ಮುಗಿದ ಮೇಲೆ. ಅವನು ವಿಸಾಲಳಿಂದ ಸುದ್ದಿ ತಿಳಿದು, ರೀತಿ ಪ್ರಕಾರ ನಾಲ್ಕು ಜನರ ಜೊತೆ ಹೋಗಿ ತಂಗಿಯ ಪಕ್ಕ ಕೂತು ಹೇಳಿದ. ಆ ಕೂಗನ್ನು ಬರೆಯಲು ನನ್ನಿಂದಾಗದು. ಅವನೆದುರೇ ವಿಸಾಲ್ ಆಸ್ಪತ್ರೆಗೆ ಫೋನ್ ಮಾಡಿದಳು. ಹಿಂದಿನ ದಿನವೇ ಹೂಳಿಬಿಟ್ಟಿದ್ದರು. ಗೋರಿಗೆ ಹೆಸರಿಲ್ಲ, ಒಂದು ಸಂಖ್ಯೆ. ನಮಾಜು ಓದುವವರೂ ಇರಲಿಲ್ಲ.

ಆ ಸಂಜೆ ಚಿಕ್ಕಮ್ಮ ವಿಸಾಲಳನ್ನು ಒಳಗೆ ಕರೆದಳು. ನಾನು ಬಾಗಿಲಲ್ಲಿದ್ದೆ.

"ಅವತ್ತು ಆ ಹೆಂಗಸು ಅಂದದ್ದು ನಿನಗೆ ಪೂರ್ತಿ ಅರ್ಥ ಆಗಿತ್ತಾ ಮಗಳೇ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇನ್ನೂ ಓದುವ ಹುಡುಗಿ, ಯಾರು ನಂಬುತ್ತಿರಲಿಲ್ಲ?

"ಆಗಿತ್ತು ಚಿಕ್ಕಮ್ಮ. ಎಲ್ಲಾ ಅರ್ಥ ಆಗಿತ್ತು."

ಚಿಕ್ಕಮ್ಮ ಹೆಣೆದ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಅವಳ ಕಡೆ ನೋಡಲಿಲ್ಲ.

ಶೋಕದ ಮೂರನೇ ದಿನದ ಊಟಕ್ಕೆ ಓಣಿಯೆಲ್ಲ ಸೇರಿದ್ದಾಗ ಮಾವನ ಸಿಟ್ಟು ಒಡೆಯಿತು. "ಈ ಹುಡುಗಿಗೆ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಳು! ನನ್ನ ಅಳಿಯ ಅನಾಥನ ಹಾಗೆ ಮಣ್ಣಾದ!" ಎಲ್ಲರ ತಲೆ ವಿಸಾಲಳ ಕಡೆ ತಿರುಗಿತು. ಕಾಯಲು ಹೇಳಿದ್ದ ಮೇಷ್ಟ್ರು ತಟ್ಟೆ ನೋಡುತ್ತ ಕೂತರು.

"ಬಿಡಣ್ಣ" ಎಂದಳು ರಹೀಮೊ ಚಿಕ್ಕಮ್ಮ. "ಅದಕ್ಕೇನು ಗೊತ್ತು ಪಾಪ. ಎರಡು ವರ್ಷ ಓದಿದ ಮಾತ್ರಕ್ಕೆ ಭಾಷೆ ಬಂದುಬಿಡುತ್ತಾ? ಆ ಹೆಂಗಸು ಹೇಳಿದ್ದು ಇದಕ್ಕೆ ಅರ್ಥವೇ ಆಗಿರಲಿಲ್ಲ."

ವಿಸಾಲ್ ಬಾಯಿ ತೆರೆದಳು. ಚಿಕ್ಕಮ್ಮ ಅವಳ ಮಣಿಕಟ್ಟು ಹಿಡಿದು ಅದುಮಿದಳು. ಬಾಯಿ ಮುಚ್ಚಿತು.

ಆಮೇಲೆ ನಮ್ಮ ಓಣಿಯಲ್ಲಿ ಯಾರೂ ವಿಸಾಲಳ ಕೈಯಲ್ಲಿ ಫೋನ್ ಮಾಡಿಸಲಿಲ್ಲ. ಅವಳೀಗ ಪಕ್ಕದೂರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಸಂಭಾಷಣೆ ಪರೀಕ್ಷೆಯಲ್ಲಿ ಅವಳೇ ಮೊದಲು ಬಂದದ್ದು ನಮ್ಮವರಿಗೆ ಗೊತ್ತೂ ಇಲ್ಲ. ರಜೆಗೆ ಬಂದಾಗಲೆಲ್ಲ ರಹೀಮೊ ಚಿಕ್ಕಮ್ಮ ಅವಳನ್ನು ಕರೆಸಿ, ಬಾಗಿಲು ಹಾಕಿ, ಎದುರಿಗೆ ಕೂರಿಸಿಕೊಳ್ಳುತ್ತಾಳೆ. "ಅವತ್ತು ಆ ಹೆಂಗಸು ಏನಂದಳು, ಮೊದಲಿಂದ ಹೇಳು" ಎನ್ನುತ್ತಾಳೆ. ವಿಸಾಲ್ ಹೇಳುತ್ತಾಳೆ, ಒಂದು ಮಾತನ್ನೂ ಬಿಡದೆ.